ಆರರಿಂದ ಐದಕ್ಕೆ ಇಳಿಯದ ಸಾಲ: ಮಂಗಳ ಗ್ರಹದ ಆಟವೊಂದರ ಗುರುತಿನ ಸಂಖ್ಯೆ, ಒಂದು ಪ್ರಕರಣ ಅಧ್ಯಯನ

ಕೆಎ 19 ಎಂಬ ನಂಬರ್ ಪ್ಲೇಟು ಕಂಡರೆ ‘ಮಂಗಳೂರು ಗಾಡಿ’ ಎಂದುಬಿಡುತ್ತೇವೆ. ಆ ಗಾಡಿ ಮೂರು ಕೈ ದಾಟಿ ಎಂಟು ವರ್ಷದಿಂದ ಯಲಹಂಕದಲ್ಲೇ ಓಡುತ್ತಿರಬಹುದು. ಪ್ಲೇಟಿಗೆ ಗೊತ್ತಿರುವುದು ನೋಂದಣಿಯಾದ ಊರು, ಈಗಿರುವ ಊರಲ್ಲ. ಪ್ಯಾನ್ ಕಾರ್ಡಿನ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ಪಿ ಆಗಿದ್ದರೆ ವ್ಯಕ್ತಿ, ಸಿ ಆಗಿದ್ದರೆ ಕಂಪನಿ. ವ್ಯಕ್ತಿಯದಾದರೆ ಐದನೆಯದು ಅಡ್ಡಹೆಸರಿನ ಮೊದಲ ಅಕ್ಷರ. ಮದುವೆಯಾಗಿ ಅಡ್ಡಹೆಸರು ಬದಲಾದರೂ ಪ್ಯಾನ್ ಬದಲಾಗುವುದಿಲ್ಲ. ತವರಿನ ಅಕ್ಷರ ಅಲ್ಲೇ ಕೂತಿರುತ್ತದೆ. ಸಂಖ್ಯೆಯೊಳಗೆ ಮಾಹಿತಿ ಹುದುಗಿಸಿದರೆ ಆಗುವುದೇ ಇದು: ಕೊಟ್ಟ ದಿನ ಏನಿತ್ತೋ ಅದು ಹೆಪ್ಪುಗಟ್ಟುತ್ತದೆ.

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಭವಿಷ್ಯದ ಲೋಕದವಕ್ಕೆ ಈ ಹೆಪ್ಪು ಹಳೆಯ ಗೆಳೆಯ. 1977ರ ಟ್ರಾವೆಲರ್ ಆಟದಲ್ಲಿ ಒಂದು ಪಾತ್ರದ ಆರು ಗುಣಗಳು ಆರು ಚಿಹ್ನೆಗಳ ಒಂದೇ ಸಾಲಿನಲ್ಲಿ ಕೂರುತ್ತವೆ. ಒಂಬತ್ತು ದಾಟಿದರೆ ಅಕ್ಷರ ಬರುತ್ತದೆ, ಸೊನ್ನೆ ಒಂದುಗಳ ಜೊತೆ ಗೊಂದಲವಾಗದಿರಲಿ ಎಂದು ಐ ಮತ್ತು ಓ ಅಕ್ಷರಗಳನ್ನು ಬಿಟ್ಟಿದ್ದಾರೆ. 1989ರ ಶ್ಯಾಡೋರನ್‌ನಲ್ಲಿ ಗುರುತಿನ ಸಂಖ್ಯೆ ಇಲ್ಲದವರದ್ದೇ ಒಂದು ವರ್ಗ. ಆದರೆ ಬಹುಪಾಲು ಮೇಜುಗಳಲ್ಲಿ ‘ಅವನ ಐಡಿ ನಂಬರ್ ಸ್ಕ್ಯಾನ್ ಮಾಡ್ತೀನಿ’ ಎಂದು ಆಟಗಾರ ಹೇಳಿ ದಾಳ ಉರುಳಿಸಿದರೆ ಕಥೆ ಮುಂದಕ್ಕೆ ಹೋಗುತ್ತದೆ. ನಂಬರ್ ಏನು, ಅದರಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದೇ ಈ ಪ್ರಕರಣ. ವಿವರಣೆಗೆಂದೇ ಕಟ್ಟಿದ ಪ್ರಕರಣ ಇದು, ಯಾವುದೋ ಮೇಜಿನ ವರದಿಯಲ್ಲ. ಆದರೆ ಲೆಕ್ಕಗಳೆಲ್ಲ ಪಕ್ಕಾ; ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು.

ಮೇಜು ಮತ್ತು ಸಂಖ್ಯೆ

ಲೋಕವನ್ನೂ ಸುಳಿವುಗಳನ್ನೂ ಕಟ್ಟಿ ಆಟ ನಡೆಸುವವಳು ಒಬ್ಬಳು, ಆಡುವವರು ನಾಲ್ವರು, ಮೂರು ಮೂರೂವರೆ ಗಂಟೆಯ ಆರು ಸೆಷನ್‌ಗಳು. ಲೋಕ ಮಂಗಳ ಗ್ರಹದ ಒಂದು ವಸಾಹತು, ವಸಾಹತು ಶಕೆಯ 44ನೇ ವರ್ಷ. ಭೂಮಿಯಿಂದ ಬಂದವರು ಹಡಗಿನ ಖರ್ಚನ್ನೂ ಉಸಿರಾಡುವ ಗಾಳಿಯ ಖರ್ಚನ್ನೂ ದುಡಿದು ತೀರಿಸಬೇಕು. ಸಾಲದ ದರ್ಜೆ 9ರಿಂದ 0ರವರೆಗೆ. 0 ಎಂದರೆ ಋಣಮುಕ್ತ. ಹದಿನಾಲ್ಕನೇ ಗುಮ್ಮಟದ ನೀರು ಶುದ್ಧೀಕರಣ ಘಟಕದ ತಂತ್ರಜ್ಞೆಯೊಬ್ಬಳು ಸತ್ತಿದ್ದಾಳೆ ಎಂದು ದಾಖಲಾದ ಮರುದಿನ ಅವಳ ಗುರುತಿನ ಮೇಲೆ ಏರ್‌ಲಾಕ್ (ಒಳಗಿನ ಗಾಳಿ ಸೋರದಂತೆ ಹೊರಗೆ ದಾಟಿಸುವ ಕೋಣೆ) ಬಾಗಿಲೊಂದು ತೆರೆದುಕೊಂಡಿದೆ. ಯಾರು ತೆರೆದದ್ದು? ಆಟ ಶುರುವಾಗುವುದು ಇಲ್ಲಿಂದ.

ಆಟಗಾರರ ಕೈಗೆ ಮೂರು ಕಾಗದ ಬರುತ್ತವೆ: ಸಂಬಳದ ಚೀಟಿ, ಏರ್‌ಲಾಕ್ ದಾಖಲೆಯ ಪ್ರತಿ, ಚಿಕಿತ್ಸಾಲಯದ ಕಾರ್ಡು. ಮೂರರಲ್ಲೂ ಅವಳ ಸಂಖ್ಯೆ.

ಆ ಸಂಖ್ಯೆಗೆ ಹದಿಮೂರು ಅಂಕಿ. ಚೌಕಟ್ಟನ್ನು ದಕ್ಷಿಣ ಆಫ್ರಿಕದ ಗುರುತಿನ ಸಂಖ್ಯೆ ನೋಡಿಕೊಂಡು ಹಾಕಿದ್ದು. ಅಲ್ಲಿ ಮೊದಲ ಆರು ಅಂಕಿ ಹುಟ್ಟಿದ ದಿನಾಂಕ, ಮುಂದಿನ ನಾಲ್ಕು ಕ್ರಮಸಂಖ್ಯೆ (5000ಕ್ಕಿಂತ ಕೆಳಗಿದ್ದರೆ ಹೆಣ್ಣು, 5000 ಮತ್ತು ಮೇಲಾದರೆ ಗಂಡು), ಹನ್ನೊಂದನೆಯದು ಪೌರತ್ವ, ಕೊನೆಯದು ತಾಳೆ ಅಂಕಿ, ಅಂದರೆ ಬರೆಯುವಾಗಿನ ತಪ್ಪು ಹಿಡಿಯಲು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಸೇರಿಸುವ ಅಂಕಿ. ಹನ್ನೆರಡನೆಯ ಅಂಕಿ ವರ್ಣಭೇದದ ಕಾಲದಲ್ಲಿ ವ್ಯಕ್ತಿಯ ಜನಾಂಗವನ್ನು ಹೇಳುತ್ತಿತ್ತು. 1980ರ ದಶಕದಲ್ಲಿ ಅದನ್ನು ಕೈಬಿಟ್ಟರು. ಅಂಕಿಯ ಜಾಗ ಮಾತ್ರ ಇವತ್ತಿಗೂ ಉಳಿದಿದೆ. ಮಂಗಳದ ಸಂಖ್ಯೆಯಲ್ಲಿ ಸಾಲದ ದರ್ಜೆ ಕೂತದ್ದು ಅದೇ ಹನ್ನೆರಡನೆಯ ಮನೆಯಲ್ಲಿ. ಬೇಕೆಂದೇ.

ಜೋಡಣೆ ಹೀಗೆ. ಮೊದಲ ಅಂಕಿ ಬಂದ ಬಗೆ: 1 ಮಂಗಳದಲ್ಲೇ ಹುಟ್ಟಿದವರು, 2 ಭೂಮಿಯಿಂದ ಬಂದವರು, 3 ಹಡಗಿನಲ್ಲೋ ಕಕ್ಷೆಯಲ್ಲೋ ಹುಟ್ಟಿದವರು. ಎರಡು-ಮೂರನೆಯದು ನೋಂದಾಯಿಸಿದ ಗುಮ್ಮಟ. ನಾಲ್ಕು-ಐದು ವರ್ಷ. ಆರರಿಂದ ಎಂಟು, ವರ್ಷದ ಎಷ್ಟನೇ ಸೋಲ್ ಎಂಬುದು. ಸೋಲ್ ಎಂದರೆ ಮಂಗಳದ ಒಂದು ದಿನ, 24 ಗಂಟೆ 39 ನಿಮಿಷ 35 ಸೆಕೆಂಡು. ಮಂಗಳದ ವರ್ಷಕ್ಕೆ ಅಂಥವು 668.6. ಹಾಗಾಗಿ 001ರಿಂದ 669ರವರೆಗೆ ಮೂರು ಅಂಕಿ ಬೇಕೇ ಬೇಕು. ಒಂಬತ್ತರಿಂದ ಹನ್ನೊಂದು, ಆ ಸೋಲ್‌ನಲ್ಲಿ ಆ ಗುಮ್ಮಟದ ಸಾಲಿನಲ್ಲಿ ಎಷ್ಟನೆಯವರು ಎಂಬ ಕ್ರಮಸಂಖ್ಯೆ. ಹನ್ನೆರಡು ಸಾಲದ ದರ್ಜೆ. ಹದಿಮೂರು ತಾಳೆ ಅಂಕಿ.

ತಂತ್ರಜ್ಞೆಯ ಸಂಖ್ಯೆ: 2-14-31-407-052-6-1.

ತಾಳೆ ಅಂಕಿಯ ನಿಯಮ ಮೇಜಿನ ಮೇಲೆ ಪೆನ್ಸಿಲ್‌ನಲ್ಲಿ ಆಗುವಂಥದ್ದೇ ಇರಬೇಕು. ಆಧಾರ್‌ನ ಹನ್ನೆರಡನೆಯ ಅಂಕಿಗೆ ಬಳಸುವ ವೆರ್ಹೂಫ್ ವಿಧಾನ ಬಲವಾದದ್ದು, ಆದರೆ ಅದಕ್ಕೆ ಕೋಷ್ಟಕಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಆಟದ ನಡುವೆ ಯಾರೂ ಮಾಡುವುದಿಲ್ಲ. ಕ್ರೆಡಿಟ್ ಕಾರ್ಡಿನ ಲೂನ್ ವಿಧಾನ ಸುಲಭ, ಆದರೆ ಪಕ್ಕಪಕ್ಕದ 09 ಮತ್ತು 90 ಅದಲುಬದಲಾದರೆ ಅದಕ್ಕೆ ತಿಳಿಯುವುದಿಲ್ಲ. ಇಲ್ಲಿ ಆರಿಸಿದ್ದು ಹನ್ನೊಂದರ ಶೇಷ. ಹನ್ನೆರಡು ಅಂಕಿಗಳನ್ನು ಎಡದಿಂದ ಕ್ರಮವಾಗಿ 1, 2, 3 ಹೀಗೆ 10ರವರೆಗೆ, ಆಮೇಲೆ ಮತ್ತೆ 1, 2ರಿಂದ ಗುಣಿಸಿ ಕೂಡಿಸಬೇಕು. 11ರಿಂದ ಭಾಗಿಸಿ ಉಳಿದದ್ದೇ ತಾಳೆ ಅಂಕಿ.

ಅವಳ ಅಂಕಿಗಳು 2, 1, 4, 3, 1, 4, 0, 7, 0, 5, 2, 6. ಗುಣಲಬ್ಧಗಳು 2, 2, 12, 12, 5, 24, 0, 56, 0, 50, 2, 12. ಒಟ್ಟು 177. ಹನ್ನೊಂದು ಹದಿನಾರಲೆ 176. ಉಳಿದದ್ದು 1. ಸರಿ.

11 ಅವಿಭಾಜ್ಯ, ಪಕ್ಕಪಕ್ಕದ ಗುಣಕಗಳು ಎಲ್ಲೂ ಒಂದೇ ಅಲ್ಲ. ಹಾಗಾಗಿ ಆ ಹನ್ನೆರಡು ಅಂಕಿಗಳಲ್ಲಿ ಒಂದು ತಪ್ಪಿದರೂ ಸಿಕ್ಕಿಬೀಳುತ್ತದೆ, ಪಕ್ಕದ ಎರಡು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಕೈಯಲ್ಲಿ ಬರೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡೇ ಬಗೆಯವು. ಕನ್ನಡ ಅಂಕಿಯಲ್ಲಿ ಕಾಗದ ತಯಾರಿಸುವವರಿಗೆ ಇದು ಇನ್ನೂ ಉಪಯೋಗ: ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದರ ವೇಷ ಇನ್ನೊಂದು ಹಾಕುತ್ತವೆ.

ತೊಡಕು ಒಂದೇ. ಹನ್ನೊಂದರ ಶೇಷ 10 ಬಂದರೆ ಒಂದು ಅಂಕಿಯಲ್ಲಿ ಬರೆಯಲು ಆಗುವುದಿಲ್ಲ. ಪುಸ್ತಕಗಳ ಹಳೆಯ ಹತ್ತು ಅಂಕಿಯ ಗುರುತಿನ ಸಂಖ್ಯೆ ಐಎಸ್‌ಬಿಎನ್, ಚೀನಾದ ಹದಿನೆಂಟು ಅಂಕಿಯ ಗುರುತಿನ ಸಂಖ್ಯೆ, ಇವುಗಳಲ್ಲಿ ಅಂಥ ಕಡೆ ಎಕ್ಸ್ ಅಕ್ಷರ ಹಾಕುತ್ತಾರೆ. ನಾರ್ವೆಯಲ್ಲಿ ಹಾಗಲ್ಲ, ತಾಳೆ 10 ಬರುವ ಸಂಖ್ಯೆಯನ್ನು ಯಾರಿಗೂ ಕೊಡುವುದೇ ಇಲ್ಲ, ಮುಂದಿನದಕ್ಕೆ ಹೋಗುತ್ತಾರೆ. ಆಟ ನಡೆಸುವವಳು ನಾರ್ವೆಯ ದಾರಿ ಹಿಡಿದಳು. ಅಂಕಿಗಳ ನಡುವೆ ಅಕ್ಷರ ಚೆನ್ನಾಗಿ ಕಾಣುವುದಿಲ್ಲ ಎಂಬುದಷ್ಟೇ ಕಾರಣ. ನಾಲ್ಕನೇ ಸೆಷನ್‌ವರೆಗೆ ಈ ತೀರ್ಮಾನದ ಪರಿಣಾಮ ಯಾರಿಗೂ ಕಾಣಲಿಲ್ಲ.

ಮೊದಲ ಎಡವಟ್ಟು: 470

ಸಂಬಳ ಚೀಟಿ, ಏರ್‌ಲಾಕ್ ಪ್ರತಿ ಎರಡನ್ನೂ ಪ್ರಿಂಟ್ ತೆಗೆದಿತ್ತು. ಚಿಕಿತ್ಸಾಲಯದ ಕಾರ್ಡು ಮಾತ್ರ ಕೈಬರಹ, ನೋಡಲು ಹಳೆಯದರಂತೆ ಇರಲಿ ಎಂದು. ಬರೆಯುವಾಗ 407 ಹೋಗಿ 470 ಆಯಿತು.

ಎರಡನೇ ಸೆಷನ್‌ನಲ್ಲಿ ವೈದ್ಯೆಯ ಪಾತ್ರ ಆಡುತ್ತಿದ್ದವಳು ಲೆಕ್ಕ ಹಾಕಿದಳು. 4, 0, 7ಕ್ಕೆ ಬರುತ್ತಿದ್ದ 24, 0, 56ರ ಬದಲು ಈಗ 24, 49, 0. ಮೊತ್ತ ಏಳು ಕಡಿಮೆಯಾಗಿ 170, ಶೇಷ 5. ಕಾರ್ಡಿನ ಮೇಲೆ ಇರುವುದು 1. ‘ಇದು ನಕಲಿ ಕಾರ್ಡು’ ಎಂದು ನಾಲ್ವರೂ ಎದ್ದರು. ಮುಂದಿನ ನಲವತ್ತು ನಿಮಿಷ ಚಿಕಿತ್ಸಾಲಯದ ಡಾಕ್ಟರನ್ನು ಗೋಡೆಗೆ ಒರಗಿಸಿ ಪ್ರಶ್ನಿಸುವುದರಲ್ಲೇ ಹೋಯಿತು. ಆ ಡಾಕ್ಟರಿಗೆ ಕಥೆಯಲ್ಲಿ ಪಾತ್ರವೇ ಇರಲಿಲ್ಲ. ಹೆಸರನ್ನೂ ಆಗಲೇ ಹುಡುಕಬೇಕಾಯಿತು.

ಆಟದ ಮೇಜಿನ ಮೇಲೆ ನಡೆಸುವವರ ಕೈತಪ್ಪಿಗೂ ಖಳನ ಕೈವಾಡಕ್ಕೂ ನೋಟದಲ್ಲಿ ವ್ಯತ್ಯಾಸ ಇಲ್ಲ. ನಿಜ ಜೀವನದಲ್ಲಿ ತಾಳೆ ತಪ್ಪಿದ ಸಂಖ್ಯೆ ಕಂಡರೆ ಕೌಂಟರಿನವನು ‘ಇನ್ನೊಂದ್ಸಲ ಹೇಳಿ ಸರ್’ ಎನ್ನುತ್ತಾನೆ. ಆಟಗಾರ ಹಾಗೆ ಅನ್ನುವುದಿಲ್ಲ, ಕತ್ತಿ ಹಿರಿಯುತ್ತಾನೆ. ಅವನ ದೃಷ್ಟಿಯಲ್ಲಿ ಕೈಗೆ ಬಂದ ಪ್ರತಿ ಗುರುತೂ ಯಾರೋ ಬೇಕೆಂದು ಇಟ್ಟದ್ದು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಐದು ಹತ್ತು ನಿಮಿಷದೊಳಗೆ ಗೊತ್ತಾದರೆ ‘ನಂದೇ ತಪ್ಪು, 407 ಅಂತ ಓದ್ಕೊಳ್ಳಿ’ ಎಂದುಬಿಡುವುದು ಮೇಲು, ಯಾರಿಗೂ ಬೇಸರವಿಲ್ಲ. ಅದಕ್ಕಿಂತ ಹೊತ್ತಾಗಿ, ಆಟಗಾರರು ಅದರ ಮೇಲೆ ಯೋಜನೆ ಹೂಡಿಬಿಟ್ಟಿದ್ದರೆ ತಪ್ಪನ್ನು ಲೋಕದೊಳಗೇ ಜೀರ್ಣಿಸಿಕೊಳ್ಳಬೇಕು. ಇಲ್ಲಿ ಮಾಡಿದ್ದು ಎರಡನೆಯದು. ಕಾರ್ಡು ಕೈಬರಹದ್ದು, ವಿದ್ಯುತ್ ಹೋದ ಸೋಲ್‌ನಲ್ಲಿ ಬರೆದದ್ದು, ಕಾಂಪೌಂಡರ್ ಎರಡು ಅಂಕಿ ಅದಲುಬದಲು ಮಾಡಿದ್ದಾನೆ. ಅಲ್ಲಿಂದ ಮೇಜಿಗೆ ಒಂದು ನಿಯಮವೂ ಹುಟ್ಟಿತು: ಯಂತ್ರ ಮುಟ್ಟಿದ ಕಾಗದದಲ್ಲಿ ತಾಳೆ ತಪ್ಪುವುದಿಲ್ಲ, ಏಕೆಂದರೆ ತಪ್ಪಿದ್ದನ್ನು ಯಂತ್ರ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕೈ ಮುಟ್ಟಿದ ಕಾಗದದಲ್ಲಿ ತಪ್ಪಬಹುದು. ಹಾಗಾದರೆ ಮುದ್ರಿತ ಕಾಗದದಲ್ಲಿ ತಾಳೆ ತಪ್ಪಿದ್ದರೆ ಯಂತ್ರವನ್ನೇ ಯಾರೋ ಮುಟ್ಟಿದ್ದಾರೆ ಎಂದರ್ಥ. ಒಂದು ಕೈತಪ್ಪಿನಿಂದ ದಕ್ಕಿದ ಲಾಭವೆಂದರೆ ಇದೇ.

ಇದರ ತಿರುಗುಮುರುಗು ತಪ್ಪನ್ನೂ ಅವರು ಮಾಡಿದರು. ‘ಏರ್‌ಲಾಕ್ ದಾಖಲೆಯಲ್ಲಿ ತಾಳೆ ಸರಿ ಇದೆ, ಹಾಗಾಗಿ ಬಂದವಳು ಅವಳೇ’ ಎಂದು ಒಬ್ಬ ವಾದಿಸಿದ. ತಾಳೆ ಅಂಕಿ ಕೈತಪ್ಪನ್ನು ಹಿಡಿಯುತ್ತದೆ, ಕಳ್ಳನನ್ನಲ್ಲ. ನಿಯಮ ಗೊತ್ತಿದ್ದವರು ಯಾರು ಬೇಕಾದರೂ ಒಂದು ನಿಮಿಷದಲ್ಲಿ ತಾಳೆಯಾಗುವ ಸಂಖ್ಯೆ ಬರೆಯಬಹುದು. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಎರಡನೆಯದರಲ್ಲಿ 7, 3, 1 ಗುಣಕಗಳ ತಾಳೆ ಅಂಕಿಗಳಿವೆ; ಅವು ಇರುವುದು ಯಂತ್ರ ಸರಿಯಾಗಿ ಓದಿತೇ ಎಂದು ನೋಡಲು. ಖೋಟಾ ತಡೆಯುವುದು ಪಾಸ್‌ಪೋರ್ಟಿನ ಎಲೆಕ್ಟ್ರಾನಿಕ್ ಚಿಪ್ಪಿನೊಳಗಿನ ಡಿಜಿಟಲ್ ಸಹಿ.

23 ವರ್ಷವೋ, 12 ವರ್ಷವೋ, 51 ವರ್ಷವೋ

ಅದೇ ಸಂಜೆ ಇನ್ನೊಂದು ಜಗಳ. ಸಂಖ್ಯೆಯಲ್ಲಿ 31-407 ಇದೆ, ಆಟದ ಇವತ್ತು 44-120. ನಡುವೆ ಸುಮಾರು 8,405 ಸೋಲ್. ಮಂಗಳದ ಲೆಕ್ಕದಲ್ಲಿ ಹನ್ನೆರಡೂವರೆ ವರ್ಷ, ಭೂಮಿಯ ಲೆಕ್ಕದಲ್ಲಿ 23 ವರ್ಷ ಏಳೆಂಟು ತಿಂಗಳು. ಚಿಕಿತ್ಸಾಲಯದ ಕಾರ್ಡಿನಲ್ಲಿ ವಯಸ್ಸು 51. ಮತ್ತೆ ‘ನಕಲಿ’ ಎಂಬ ಕೂಗು.

ತಪ್ಪು ಯಾರದ್ದೂ ಅಲ್ಲ. ಮೊದಲ ಅಂಕಿ 2 ಇದ್ದವರಿಗೆ ಆ ದಿನಾಂಕ ಇಳಿದ ದಿನ, 1 ಇದ್ದವರಿಗೆ ಹುಟ್ಟಿದ ದಿನ. ಆಟಗಾರರಿಗೆ ಕೊಟ್ಟ ವಿವರಣೆ ಚೀಟಿಯಲ್ಲಿ ಬರೀ ‘ದಿನಾಂಕ’ ಎಂದಿತ್ತು. ಗುರುತಿನ ಸಂಖ್ಯೆಯ ದಿನಾಂಕ ಎಂದರೆ ಹುಟ್ಟಿದ ದಿನ ಎಂದೇ ಓದುವ ಅಭ್ಯಾಸ. ಒಂದು ಖಾನೆಗೆ ಎರಡು ಅರ್ಥ ಕೊಟ್ಟರೆ ಹೆಸರಿನಲ್ಲೇ ಹೇಳಿಬಿಡಬೇಕು: ‘ಹುಟ್ಟಿದ ಅಥವಾ ಇಳಿದ ಸೋಲ್’. ವಯಸ್ಸಿಗೆ ಎರಡು ಪಂಚಾಂಗ ಇರುವ ಲೋಕದಲ್ಲಿ ಕಾನೂನಿನ ವಯಸ್ಸು ಯಾವುದರಲ್ಲಿ ಎಂಬುದನ್ನೂ ಮೊದಲೇ ಬರೆದಿಡಬೇಕು. ಇಲ್ಲಿ ಪ್ರಾಯಕ್ಕೆ ಬರುವುದು ಹತ್ತು ಮಂಗಳ ವರ್ಷಕ್ಕೆ, ಅಂದರೆ ಭೂಮಿಯ ಹದಿನೆಂಟು ಮುಕ್ಕಾಲಿಗೆ.

ಸಾಲಿನಲ್ಲಿ ಹಿಂದೆ ನಿಂತವನು

ಮೂರನೇ ಸೆಷನ್‌ನಲ್ಲಿ ಸಂಖ್ಯೆ ಮೊದಲ ಬಾರಿ ನಿಜವಾಗಿ ಕೆಲಸಕ್ಕೆ ಬಂತು. 052 ಎಂದರೆ ಆ ಸೋಲ್‌ನಲ್ಲಿ ಹದಿನಾಲ್ಕನೇ ಗುಮ್ಮಟದಲ್ಲಿ ನೋಂದಣಿಯ ಐವತ್ತೆರಡನೆಯವಳು. ಒಂದೇ ಸೋಲ್‌ನಲ್ಲಿ ಅಷ್ಟು ಜನ ಬಂದಿದ್ದರೆ ಹಡಗು ಇಳಿದಿರಬೇಕು. ಹಾಗಾದರೆ 051 ಮತ್ತು 053 ಅವಳ ಹಿಂದೆ ಮುಂದೆ ಸಾಲಿನಲ್ಲಿ ನಿಂತವರು, ತಿಂಗಳುಗಟ್ಟಲೆ ಒಂದೇ ಹಡಗಿನಲ್ಲಿ ಪಯಣಿಸಿದವರು. ಲೆಕ್ಕಿಗನ ಪಾತ್ರದವನು ‘ಅವಳ ಪಕ್ಕದ ನಂಬರಿನವರು ಈಗ ಎಲ್ಲಿದ್ದಾರೆ?’ ಎಂದು ಕೇಳಿದಾಗ ನಡೆಸುವವಳ ಬಳಿ ಉತ್ತರ ಇರಲಿಲ್ಲ. ಆದರೆ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಅಲ್ಲೇ ಇಬ್ಬರು ಮನುಷ್ಯರು ಹುಟ್ಟಿಕೊಂಡರು.

ಕ್ರಮಸಂಖ್ಯೆ ಹೀಗೆ ಬಾಯಿ ಬಿಡುತ್ತದೆ ಎಂಬುದು ಕಲ್ಪನೆಯಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಮೊದಲ ಮೂರು ಅಂಕಿ ಪ್ರದೇಶಕ್ಕೆ ಕಟ್ಟಿಕೊಂಡಿದ್ದವು. ಹುಟ್ಟಿದ ದಿನ ಮತ್ತು ರಾಜ್ಯ ಗೊತ್ತಿದ್ದರೆ ಸಂಖ್ಯೆಯನ್ನು ಬಹಳಮಟ್ಟಿಗೆ ಊಹಿಸಬಹುದು ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು. 2011ರ ಜೂನ್‌ನಿಂದ ಅಲ್ಲಿ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ (ಯಾವ ಕ್ರಮವೂ ಇಲ್ಲದೆ) ಕೊಡುತ್ತಿದ್ದಾರೆ. ದಕ್ಷಿಣ ಕೊರಿಯಾ 2020ರಲ್ಲಿ ತನ್ನ ಹೊಸ ಸಂಖ್ಯೆಗಳಿಂದ ಊರಿನ ಅಂಕಿಗಳನ್ನು ತೆಗೆದುಹಾಕಿತು. ಆಧಾರ್ ಮೊದಲಿನಿಂದಲೂ ಮೂಕ: ಹನ್ನೊಂದು ಅಂಕಿ ಯಾದೃಚ್ಛಿಕ, ಹನ್ನೆರಡನೆಯದು ತಾಳೆ, ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ ಎಂಬುದನ್ನು ಬಿಟ್ಟರೆ ನೋಡಿ ತಿಳಿಯುವುದು ಏನೂ ಇಲ್ಲ.

ಆಡಳಿತಕ್ಕೆ ಒಳ್ಳೆಯ ಸಂಖ್ಯೆ ಆಟಕ್ಕೆ ಕೆಟ್ಟದ್ದು. ಆಧಾರ್ ಥರದ ಸಂಖ್ಯೆಯನ್ನು ಹ್ಯಾಂಡ್‌ಔಟ್‌ನಲ್ಲಿ (ಕೈಗೆ ಕೊಡುವ ಕಾಗದದಲ್ಲಿ) ಕೊಟ್ಟರೆ ಆಟಗಾರರು ಅದರಿಂದ ಹಿಂಡಿ ತೆಗೆಯುವುದು ಏನೂ ಇಲ್ಲ. ಮಾತಾಡುವ ಸಂಖ್ಯೆಯೇ ಬೇಕು. ಆದರೆ ಅದು ಏನು ಮಾತಾಡುತ್ತದೆ ಎಂಬುದರ ಮೇಲೆ ಹತೋಟಿ ಇಟ್ಟುಕೊಳ್ಳುವುದು ಸುಲಭವಲ್ಲ.

ಇಳಿಯದ ಸಾಲ

ನಾಲ್ಕನೇ ಸೆಷನ್. ಆಟಗಾರರು ತಂತ್ರಜ್ಞೆಯ ಕೋಣೆ ಹುಡುಕಿದಾಗ ಸಾಲ ತೀರಿಸಿದ ರಸೀದಿಗಳ ಕಟ್ಟು ಸಿಗುತ್ತದೆ. ನಡೆಸುವವಳ ಉದ್ದೇಶ ಸರಳ: ಇಷ್ಟು ದುಡ್ಡು ಇವಳಿಗೆ ಎಲ್ಲಿಂದ ಬಂತು ಎಂದು ಅವರು ಕೇಳಲಿ, ಲಂಚದ ಎಳೆ ಬಿಚ್ಚಿಕೊಳ್ಳಲಿ. ಲೆಕ್ಕಿಗ ಬೇರೆಯದನ್ನೇ ಕೇಳಿದ.

‘ಇಷ್ಟೆಲ್ಲ ಕಟ್ಟಿದ್ದಾಳಲ್ಲ, ಮತ್ತೆ ದರ್ಜೆ ಇನ್ನೂ ಆರೇ ಯಾಕಿದೆ? ಐದಕ್ಕೆ ಬರಬೇಕಿತ್ತು.’

‘ಕಚೇರಿಯವರು ಇನ್ನೂ ಹತ್ತಿಸಿಲ್ಲ ಅಂದ್ಕೋ’ ಎಂದಳು ನಡೆಸುವವಳು.

‘ತಡಿ ಮಾರಾಯ್ತಿ, ಐದು ಹಾಕಿ ನೋಡ್ತೀನಿ. ನೂರ ಅರವತ್ತೈದಕ್ಕೆ ಹತ್ತು ಸೇರಿದ್ರೆ ನೂರ ಎಪ್ಪತ್ತೈದು. ಹನ್ನೊಂದು ಹದಿನೈದಲೆ ನೂರ ಅರವತ್ತೈದು... ಹತ್ತು ಉಳೀತು. ಹತ್ತು ಬಂದ್ರೆ ಆ ನಂಬರ್ ಕೊಡೋದೇ ಇಲ್ಲ ಅಂತ ನೀನೇ ಬರೆದಿದ್ದೀಯಲ್ಲ?’

ಮೇಜು ಸುಮ್ಮನಾಯಿತು.

ನಡೆದದ್ದೇನೆಂದರೆ, ದರ್ಜೆ ಬದಲಾಗುವ ವಸ್ತು. ಗುರುತಿನ ಸಂಖ್ಯೆ ಬದಲಾಗಬಾರದ ವಸ್ತು. ಮೊದಲನೆಯದನ್ನು ಎರಡನೆಯದರ ಹೊಟ್ಟೆಯಲ್ಲಿ ಇಟ್ಟಿದ್ದರಿಂದ ಸಾಲ ಒಂದು ಮೆಟ್ಟಿಲು ಇಳಿದಾಗಲೆಲ್ಲ ಹನ್ನೆರಡನೆಯ ಅಂಕಿಯೂ ಹದಿಮೂರನೆಯದೂ ಬದಲಾಗಬೇಕು. ಅವಳ ಮೊದಲ ಹನ್ನೊಂದು ಅಂಕಿಗಳ ಮೊತ್ತ 165, ಶೇಷ 0. ಹನ್ನೆರಡನೆಯ ಮನೆಯ ಗುಣಕ 2. ದರ್ಜೆ 5 ಆದರೆ ಶೇಷ 10. ಅಂಥ ಸಂಖ್ಯೆಯೇ ಇಲ್ಲ. ಅವಳು ಎಷ್ಟು ಕಟ್ಟಿದರೂ ಆರರಿಂದ ಐದಕ್ಕೆ ಇಳಿಯುವ ಹಾಗಿಲ್ಲ.

ಆಮೇಲೆ ಲೆಕ್ಕಿಗ ಪಕ್ಕದ ಇಬ್ಬರದ್ದೂ ಮಾಡಿದ. ಮೂವರೂ ಒಂದೇ ಹಡಗು, ಮೂವರೂ ಶುರುವಿನಲ್ಲಿ ಆರನೇ ದರ್ಜೆ. 051ರ ಮೊತ್ತ 164, ಶೇಷ 10. ಅಂದರೆ ದರ್ಜೆ 0 ಆದ ಕೂಡಲೇ ತಾಳೆ 10. ಅವನು ಆರರಿಂದ ಒಂದರವರೆಗೆ ಸರಾಗವಾಗಿ ಇಳಿಯಬಹುದು, ಋಣಮುಕ್ತ ಮಾತ್ರ ಆಗಲಾರ. 053ರ ಮೊತ್ತ 166, ಶೇಷ 1. ಅದಕ್ಕೆ 10 ಬರಬೇಕಾದರೆ ದರ್ಜೆ ಹತ್ತಾಗಬೇಕು. ಅಂಥ ದರ್ಜೆ ಇಲ್ಲವೇ ಇಲ್ಲ. ಅವನಿಗೆ ಎಲ್ಲ ಮೆಟ್ಟಿಲೂ ತೆರೆದಿವೆ. ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತ ಮೂವರಲ್ಲಿ ಒಬ್ಬಳು ಮೊದಲ ಮೆಟ್ಟಿಲಲ್ಲೇ ಸಿಕ್ಕಿಕೊಂಡಳು, ಒಬ್ಬ ಕೊನೆಯ ಮೆಟ್ಟಿಲಲ್ಲಿ, ಒಬ್ಬ ಪಾರಾದ.

ಇದು ಈ ಮೂವರ ಹಣೆಬರಹ ಮಾತ್ರವಲ್ಲ. ಮೊದಲ ಹನ್ನೊಂದು ಅಂಕಿಗಳ ಶೇಷ 0ರಿಂದ 10ರವರೆಗೆ ಹನ್ನೊಂದು ಬಗೆ. ಅದರಲ್ಲಿ ಹತ್ತಕ್ಕೆ ಯಾವುದೋ ಒಂದು ದರ್ಜೆ ನಿಷಿದ್ಧ. ಶೇಷ 1 ಬಂದವರಿಗೆ ಮಾತ್ರ ನಿಷೇಧವಿಲ್ಲ. ವಸಾಹತಿನ ಹನ್ನೊಂದು ಜನರಲ್ಲಿ ಸುಮಾರು ಹತ್ತು ಜನರಿಗೆ ಏಣಿಯಲ್ಲಿ ಎಲ್ಲೋ ಒಂದು ಮೆಟ್ಟಿಲು ಕಿತ್ತುಹೋಗಿದೆ, ಯಾವುದು ಎಂದು ಅವರಿಗೇ ಗೊತ್ತಿಲ್ಲ. ನೋಂದಣಿಯ ದಿನ ಕ್ರಮಸಂಖ್ಯೆ ಬಿಟ್ಟು ಮುಂದೆ ಹೋಗುವ ನಿಯಮ ಅಂದಿನ ದರ್ಜೆಯನ್ನಷ್ಟೇ ನೋಡಿತ್ತು. ಮುಂದೆ ಬರುವ ದರ್ಜೆಗಳನ್ನು ಯಾರೂ ನೋಡಿರಲಿಲ್ಲ.

ನಾರ್ವೆಯ ನಿಯಮ ನಾರ್ವೆಯಲ್ಲಿ ಏಕೆ ಕೆಡುವುದಿಲ್ಲ? ಅಲ್ಲಿ ಸಂಖ್ಯೆಯೊಳಗೆ ಇರುವುದು ಹುಟ್ಟಿದ ದಿನಾಂಕ ಮತ್ತು ಲಿಂಗ ತಿಳಿಸುವ ಕ್ರಮಸಂಖ್ಯೆ. ತಿಂಗಳು ತಿಂಗಳು ಬದಲಾಗುವ ಸಾಲ ಇಲ್ಲ. ಬಿಟ್ಟು ಮುಂದೆ ಹೋಗುವುದು, ಬದಲಾಗುವ ಖಾನೆ, ಎರಡೂ ಬೇರೆ ಬೇರೆ ಇದ್ದರೆ ನಿರುಪದ್ರವಿ. ಕೂಡಿದರೆ ಬಲೆ. ಎಕ್ಸ್ ಅಕ್ಷರವೊಂದನ್ನು ಒಪ್ಪಿಕೊಂಡಿದ್ದರೆ ಈ ಬಲೆ ಇರುತ್ತಲೇ ಇರಲಿಲ್ಲ. ಆಟಕ್ಕೆ ಅದು ನಷ್ಟವೇ ಆಗುತ್ತಿತ್ತು.

ಗುಮಾಸ್ತನ ಮೂರು ದಾರಿ

ನಾಲ್ಕು ಮತ್ತು ಐದನೇ ಸೆಷನ್ ನಡುವಿನ ವಾರದಲ್ಲಿ ನಡೆಸುವವಳು ಲಂಚದ ಎಳೆಯನ್ನು ಕತ್ತರಿಸಿ ಎಸೆದಳು. ಸರಿಯಾದ ತೀರ್ಮಾನ. ಆಟಗಾರರು ಹುಡುಕಿ ತೆಗೆದದ್ದು ಬರೆದಿಟ್ಟ ಕಥೆಗಿಂತ ಗಟ್ಟಿಯಾಗಿದ್ದರೆ ಹಳೆಯದನ್ನು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಅವಳು ಕೇಳಿಕೊಂಡ ಪ್ರಶ್ನೆ ಇಷ್ಟೇ: ಕಿಟಕಿಯ ಆಚೆ ಕೂತ ಗುಮಾಸ್ತ ಇಂಥ ಅರ್ಜಿ ಬಂದಾಗ ಏನು ಮಾಡಿಯಾನು?

ಒಂದು, ಐದನ್ನು ಹಾರಿ ನಾಲ್ಕಕ್ಕೆ ಇಳಿಸಬಹುದು. 165ಕ್ಕೆ 8 ಸೇರಿದರೆ 173, ತಾಳೆ 8, ತೊಂದರೆಯಿಲ್ಲ. ಆದರೆ ಎರಡು ಮೆಟ್ಟಿಲಿನ ಹಣ ಒಟ್ಟಿಗೆ ಕಟ್ಟಬೇಕು. ಎರಡು, ಕೈಬರಹದ ಚೀಟಿ ಕೊಟ್ಟು ಕಳಿಸಬಹುದು; ಯಾವ ಬಾಗಿಲೂ ಅದನ್ನು ಒಪ್ಪುವುದಿಲ್ಲ. ಮೂರು, ಹಳೆಯ ಸಂಖ್ಯೆ ಮುಚ್ಚಿ ಬೇರೆ ಕ್ರಮಸಂಖ್ಯೆಯಲ್ಲಿ ಹೊಸದು ಕೊಡಬಹುದು. ಮುಚ್ಚುವಾಗ ಕಾರಣದ ಖಾನೆಯಲ್ಲಿ ಎರಡೇ ಆಯ್ಕೆ: ‘ಭೂಮಿಗೆ ಮರಳಿದರು’, ‘ಮೃತ’. ಗುಮಾಸ್ತ ಎರಡನೆಯದನ್ನು ಒತ್ತಿದ.

ತಂತ್ರಜ್ಞೆ ಸತ್ತಿರಲೇ ಇಲ್ಲ.

ಬಾಗಿಲು ತೆರೆದದ್ದು ಅವಳೇ. ಗುರುತಿಗೆಂದು ಅವಳ ಅಂಗೈಯೊಳಗೆ ಹುದುಗಿಸಿದ ಚಿಪ್ಪಿನಲ್ಲಿ ಹಳೆಯ ಸಂಖ್ಯೆಯೇ ಇತ್ತು, ಅದನ್ನು ಬದಲಿಸುವ ಕೌಂಟರ್ ಬೇರೆ ಗುಮ್ಮಟದಲ್ಲಿ.

ಈ ಚಿಪ್ಪಿನ ವಿಷಯದಲ್ಲಿ ಆಟಗಳು ಮಾಡುವ ದೊಡ್ಡ ತಪ್ಪು, ಅದನ್ನು ಉಪಗ್ರಹದಿಂದ ಹುಡುಕಬಹುದು ಎಂದುಕೊಳ್ಳುವುದು. ಇಂದು ಕೈಯೊಳಗೆ ಹುದುಗಿಸುವ ಸಾಮಾನ್ಯ ಚಿಪ್ಪುಗಳು ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಕೊಳವೆ, ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಒಳಗೆ ಬ್ಯಾಟರಿ ಇಲ್ಲ. ಓದುವ ಯಂತ್ರದ ಅಲೆಯಿಂದಲೇ ಶಕ್ತಿ ಪಡೆದು ಉತ್ತರಿಸುತ್ತದೆ, ಅದೂ ಕೈ ತಾಗುವಷ್ಟು ಹತ್ತಿರದಿಂದ. ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಓದಿಸಿಕೊಳ್ಳುವ) ಬಗೆಯ ಎನ್‌ಟ್ಯಾಗ್ 216 ಎಂಬ ಚಿಪ್ಪಿನಲ್ಲಿ ಬಳಸಲು ಸಿಗುವುದು 888 ಬೈಟ್. ಹದಿಮೂರು ಅಂಕಿಗೆ 13 ಬೈಟ್, ಡಿಜಿಟಲ್ ಸಹಿಗೆ 64, ರಕ್ತದ ಗುಂಪಿಗೆ 1, ಔಷಧ ಅಲರ್ಜಿಗೆ ಹತ್ತಿಪ್ಪತ್ತು ಕೊಟ್ಟರೂ ಜಾಗ ಮಿಗುತ್ತದೆ. ಆದರೆ ಮುಖದ ಒಂದು ಸಾಧಾರಣ ಫೋಟೊ ಹಿಡಿಸುವುದಿಲ್ಲ. ಭವಿಷ್ಯದ ಲೋಕದಲ್ಲಿ ಬೈಟುಗಳನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಿ. ಬ್ಯಾಟರಿ ಇಲ್ಲ, ಹತ್ತಿರ ಬರಬೇಕು, ಒಳಗಿರುವುದು ಬರೆದ ದಿನದ ನಕಲು ಎಂಬ ಮೂರನ್ನು ಮಾತ್ರ ಉಳಿಸಿಕೊಳ್ಳಿ. ಕಥೆ ಹುಟ್ಟುವುದು ಆ ಮೂರರಿಂದಲೇ. ಚಿಪ್ಪಿನ ಸಹಿ ಸರಿಯಾಗಿತ್ತು, ತಾಳೆಯೂ ಸರಿಯಾಗಿತ್ತು. ಏರ್‌ಲಾಕ್ ಬಾಗಿಲು ಕೇಂದ್ರ ರಿಜಿಸ್ಟರನ್ನು ಕೇಳದೆ ಚಿಪ್ಪನ್ನಷ್ಟೇ ನಂಬಿತು. ಗಾಳಿ ಸೋರುವಾಗ ಸರ್ವರ್ ಉತ್ತರಕ್ಕೆ ಕಾಯುತ್ತ ನಿಲ್ಲುವ ಬಾಗಿಲನ್ನು ಯಾರೂ ಕಟ್ಟುವುದಿಲ್ಲ.

ಮತ್ತೆ ಕಟ್ಟಿದಾಗ

ಆರನೇ ಸೆಷನ್‌ನಲ್ಲಿ ಆಟಗಾರರ ಒತ್ತಡಕ್ಕೆ ಮಣಿದು ವಸಾಹತು ಸಂಖ್ಯೆಯಿಂದ ದರ್ಜೆಯನ್ನು ಕಿತ್ತುಹಾಕುತ್ತದೆ. ಹನ್ನೊಂದು ಅಂಕಿ, ಒಂದು ತಾಳೆ, ಒಟ್ಟು ಹನ್ನೆರಡು. ತಂತ್ರಜ್ಞೆಯ ಹೊಸ ಸಂಖ್ಯೆ 2-14-31-407-052-0. ದರ್ಜೆ ರಿಜಿಸ್ಟರಿನಲ್ಲಿ ಮಾತ್ರ. 051ನವನಿಗೆ ಇನ್ನೊಂದು ಪೇಚು: ಅವನ ಹನ್ನೊಂದು ಅಂಕಿಗಳ ಶೇಷವೇ 10, ಹಾಗಾಗಿ ಹೊಸ ಪದ್ಧತಿಯಲ್ಲಿ ಅವನಿಗೆ ಸಂಖ್ಯೆಯೇ ಇಲ್ಲ. ಹೊಸದಾಗಿ ಸಾಲಿನಲ್ಲಿ ನಿಲ್ಲಬೇಕು. ಇದನ್ನು ಆಟಗಾರರು ಗಮನಿಸಲಿಲ್ಲ. ನಡೆಸುವವಳು ಗಮನಿಸಿದಳು, ಹೇಳಲಿಲ್ಲ. ಮುಂದಿನ ಆಟಕ್ಕೆ ಎತ್ತಿಟ್ಟಳು.

ಇಂಥದ್ದನ್ನು ಕಟ್ಟುವವರು ತಯಾರಿಯ ಕಡೆ ಕೆಲವು ವಿಷಯ ನೋಡಿಕೊಳ್ಳಬೇಕು. ಸಂಖ್ಯೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ, ಒಂದು ಅಂಕಿಗೆ ಒಂದು ಕೋಶ. ಸಮ್‌ಪ್ರಾಡಕ್ಟ್ ಸೂತ್ರದಿಂದ ಗುಣಿಸಿ ಕೂಡಿಸಿ, ಮಾಡ್ ಸೂತ್ರದಿಂದ 11ರ ಶೇಷ ತೆಗೆಯಿರಿ. ಕ್ರಮಸಂಖ್ಯೆಯನ್ನು ಒಂದೇ ಕೋಶದಲ್ಲಿ ಹಾಕಿದರೆ 052 ಹೋಗಿ 52 ಆಗುತ್ತದೆ. ಹಾಗೆ ಹಾಕಲೇಬೇಕಿದ್ದರೆ ಕೋಶವನ್ನು ಪಠ್ಯ ಎಂದು ಗುರುತಿಸಿ. ಆರು ಸೆಷನ್‌ಗೆ ಇಪ್ಪತ್ತು ಸಂಖ್ಯೆ ಸಿದ್ಧವಿದ್ದರೆ ಸಾಕು, ಅದರಲ್ಲಿ ಎರಡೋ ಮೂರೋ ಬೇಕೆಂದೇ ತಾಳೆ ತಪ್ಪಿದವು, ಪ್ರತಿಯೊಂದರ ಪಕ್ಕದಲ್ಲೂ ಯಾರು ಏಕೆ ತಪ್ಪಿಸಿದರು ಎಂಬ ಒಂದು ಸಾಲು. ಸೋಲ್‌ಗೆ ಹತ್ತು ಮುಖದ ಮೂರು ದಾಳ ಉರುಳಿಸಿ. 000 ಬಂದರೆ ಅಥವಾ 669 ದಾಟಿದರೆ ಮತ್ತೆ ಉರುಳಿಸಿ. ಕೈಬರಹದ ಹ್ಯಾಂಡ್‌ಔಟ್ ಆದರೆ ಬರೆದು ಮುಗಿಸಿದ ಮೇಲೆ ಹಾಳೆಯನ್ನು ನೋಡಿಯೇ ಲೆಕ್ಕ ಹಾಕಿ, ಮೂಲ ಪಟ್ಟಿಯನ್ನು ನೋಡಿ ಅಲ್ಲ. 470 ನುಸುಳಿದ್ದು ಅಲ್ಲೇ.

ಹುದುಗಿಸುವ ಪ್ರತಿ ಖಾನೆಗೂ ಒಂದೇ ಪ್ರಶ್ನೆ ಕೇಳಿ: ಆಟದ ನಡುವೆ ಇದು ಬದಲಾದರೆ ಸಂಖ್ಯೆ ಏನಾಗುತ್ತದೆ? ಬಂದ ಬಗೆ, ಇಳಿದ ದಿನ, ಸಾಲಿನ ಕ್ರಮ ಇವು ಆಗಿಹೋದ ಸಂಗತಿಗಳು, ಬದಲಾಗುವುದಿಲ್ಲ. ಗುಮ್ಮಟದ ಅಂಕಿ ಕೆಎ 19ರ ಹಾಗೆ ಹಳತಾಗುತ್ತದೆ, ಸುಳ್ಳಾಗುವುದಿಲ್ಲ. ದರ್ಜೆ, ಉದ್ಯೋಗ, ವಿಳಾಸ, ಪರವಾನಗಿ ಇವು ಬದಲಾಗುವವು. ಇವುಗಳಲ್ಲಿ ಒಂದನ್ನು ಒಳಗೆ ಇಡಿ, ಒಂದೇ ಒಂದನ್ನು, ಅದು ಕೆಟ್ಟರೆ ಯಾರ ಬದುಕು ಕೆಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡು. ಎರಡಿಟ್ಟರೆ ಆಟಗಾರರಿಗೆ ಯಾವ ಎಳೆ ಹಿಡಿಯಬೇಕೋ ತಿಳಿಯದೆ ಲೆಕ್ಕ ಬಿಟ್ಟು ಮತ್ತೆ ದಾಳ ಉರುಳಿಸಲು ಶುರುಮಾಡುತ್ತಾರೆ.